ಕಾಣುವ ಅಕ್ಷರ, ಉಳಿಯುವ ಅಕ್ಷರ: ಕನ್ನಡ ಪಠ್ಯವು ಗಣಕದಲ್ಲಿ ಸಂಕೇತಗೊಳ್ಳುವ ಬಗೆ

ಪರದೆಯ ಮೇಲೆ ಎರಡು ಪದಗಳಿವೆ. ಮೊದಲನೆಯದು ‘ಕರ್ನಾಟಕ’, ಎರಡನೆಯದು ‘ಕನಾ೯ಟಕ’. ಹಿಂದಿನ ಸಾಲುಗಳಲ್ಲಿ ಕುಳಿತವರಿಗೆ ಇವೆರಡರ ನಡುವೆ ವ್ಯತ್ಯಾಸ ಕಾಣಿಸಲಾರದು. ಹತ್ತಿರದಿಂದ ನೋಡಿದವರೂ ಎರಡನ್ನೂ ಒಂದೇ ಬಗೆಯಲ್ಲಿ ಓದಿಕೊಳ್ಳುತ್ತೀರಿ. ಗಣಕದ ಲೆಕ್ಕದಲ್ಲಿ ಎರಡನೆಯ ಪದದೊಳಗೆ ರಕಾರವೇ ಇಲ್ಲ. ಅಲ್ಲಿರುವುದು ‘ಕ’, ‘ನಾ’, ಅದರ ಬೆನ್ನಿಗೆ ಕನ್ನಡದ ಒಂಬತ್ತು ಎಂಬ ಅಂಕಿ, ಕೊನೆಯಲ್ಲಿ ‘ಟ’ ಮತ್ತು ‘ಕ’. ಅರ್ಕಾವತ್ತು ನೋಡುವುದಕ್ಕೆ ಒಂಬತ್ತರಂತೆಯೇ ಇರುವುದರಿಂದ ಬೆರಳಚ್ಚು ಮಾಡಿದವರು ಆ ಕೀಲಿಯನ್ನು ಒತ್ತಿದ್ದಾರೆ, ಕಾಗದದ ಮೇಲೆ ಮುದ್ರಿಸಿದಾಗ ಯಾರಿಗೂ ಏನೂ ತಿಳಿದಿಲ್ಲ. ಆದರೆ ಈ ಬರಹವನ್ನು ‘ಕರ್ನಾಟಕ’ ಎಂದು ಹುಡುಕಿದರೆ ಅದು ಸಿಗುವುದಿಲ್ಲ. ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನೇ ನೆಚ್ಚಿಕೊಂಡಿರುವ ದೃಷ್ಟಿಹೀನ ಓದುಗರಿಗೆ ನಾಡಿನ ಹೆಸರಿನ ನಡುವೆ ಒಂದು ಅಂಕಿ ಎದುರಾಗುತ್ತದೆ. ಸುತ್ತೋಲೆಗಳಲ್ಲಿ, ಆಮಂತ್ರಣ ಪತ್ರಗಳಲ್ಲಿ, ಅಂತರಜಾಲದ ಬರಹಗಳಲ್ಲಿ ಈ ರೂಪವನ್ನು ನೀವೆಲ್ಲರೂ ಕಂಡೇ ಇರುತ್ತೀರಿ.

ಕಣ್ಣಿಗೆ ಕಾಣುವ ಆಕಾರ ಒಂದು, ಕಡತದಲ್ಲಿ ಉಳಿಯುವ ಸಂಕೇತ ಇನ್ನೊಂದು. ಅಕ್ಷರವು ಯಾವ ಘಟಕಗಳಿಂದ, ಯಾವ ಕ್ರಮದಲ್ಲಿ ಕೂಡಿಬಂದಿತೆಂಬುದನ್ನು ಮಾತ್ರ ಗಣಕವು ದಾಖಲಿಸಿಕೊಳ್ಳುತ್ತದೆ. ಅದಕ್ಕೆ ರೂಪ ಕೊಡುವ ಕೆಲಸ ಬೇರೊಂದು ಹಂತದಲ್ಲಿ ನಡೆಯುತ್ತದೆ. ಗಣಕದಲ್ಲಿ ಕನ್ನಡಕ್ಕೆ ಎದುರಾಗುವ ತೊಡಕುಗಳಲ್ಲಿ ಬಹುಪಾಲು ಈ ಎರಡನ್ನು ಒಂದೇ ಎಂದು ಭಾವಿಸಿದ್ದರಿಂದ ಹುಟ್ಟಿದವು ಎಂಬುದು ನನ್ನ ಅಭಿಪ್ರಾಯ. ಇಂದಿನ ಮಾತೆಲ್ಲ ಇದರ ಸುತ್ತಲೇ ಇರುತ್ತದೆ.

ಮೊದಲು ಲೆಕ್ಕವನ್ನು ನೋಡೋಣ. ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಆದುದರಿಂದ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಬೇಕು. ಇಂಗ್ಲಿಷಿಗೆ ಆಸ್ಕಿ ಎಂಬ ಹಳೆಯ ಸಂಕೇತ ಪದ್ಧತಿಯ 128 ಸಂಖ್ಯೆಗಳು ಧಾರಾಳವಾಗಿ ಸಾಕಾದವು. ಕನ್ನಡದಲ್ಲಿ ಈಗ ಶಾಲೆಯಲ್ಲಿ ಕಲಿಸುವ ವರ್ಣಮಾಲೆಯ ಪ್ರಕಾರ 13 ಸ್ವರ, 34 ವ್ಯಂಜನ, 2 ಯೋಗವಾಹ, ಒಟ್ಟು 49 ಅಕ್ಷರಗಳು. ಇಷ್ಟೇ ಆಗಿದ್ದರೆ ಕಷ್ಟವಿರಲಿಲ್ಲ. ಆದರೆ ನಾವು ಬರೆಯುವುದು ಕಾಗುಣಿತವನ್ನು. 34 ವ್ಯಂಜನಗಳನ್ನು 13 ಸ್ವರಗಳೊಡನೆ ಗುಣಿಸಿದರೆ 442 ಗುಣಿತಾಕ್ಷರಗಳು. ಒಂದು ಒತ್ತು ಸೇರಿಸಿದರೆ ಲೆಕ್ಕದ ಪ್ರಕಾರ 15,028 ಸಂಯುಕ್ತಾಕ್ಷರಗಳು ಸಾಧ್ಯ. ‘ರಾಷ್ಟ್ರ’, ‘ಸ್ತ್ರೀ’, ‘ಶಾಸ್ತ್ರ’ ಇವುಗಳಲ್ಲಿ ಎರಡೆರಡು ಒತ್ತುಗಳಿವೆ. ಇವುಗಳಲ್ಲಿ ಎಷ್ಟೋ ರೂಪಗಳು ಭಾಷೆಯಲ್ಲಿ ಬಳಕೆಯಾಗುವುದೇ ಇಲ್ಲ ಎಂಬುದು ನಿಜ, ಆದರೂ ಯಾವುದು ಎಂದಿಗೂ ಬಾರದು ಎಂದು ಮೊದಲೇ ತೀರ್ಮಾನಿಸುವವರು ಯಾರು? ಬೇರೆ ಭಾಷೆಯ ಊರಿನ ಹೆಸರೊಂದು ಬಂದರೆ ಹೊಸ ಸಂಯುಕ್ತಾಕ್ಷರವೊಂದು ಬೇಕಾಗಬಹುದು. ಆದ್ದರಿಂದ ಪೂರ್ಣ ಅಕ್ಷರಗಳಿಗೆ ಸಂಖ್ಯೆ ಕೊಡುವ ಬದಲು ಅವುಗಳ ಘಟಕಗಳಿಗೆ ಸಂಖ್ಯೆ ಕೊಟ್ಟು, ಘಟಕಗಳನ್ನು ಸಾಲಾಗಿ ಜೋಡಿಸುವ ಮಾರ್ಗವನ್ನು ಭಾರತದ ತಂತ್ರಜ್ಞರು ಹಿಡಿದರು.

ಈ ಕೆಲಸ ಆರಂಭವಾದದ್ದು ಕಾನ್ಪುರದ ಐಐಟಿಯಲ್ಲಿ. ಆಮೇಲೆ ಅದು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿಯಿತು. ಅದರಿಂದ ರೂಪುಗೊಂಡ ಇಸ್ಕಿ ಎಂಬ ಸಂಕೇತ ಪದ್ಧತಿಯನ್ನು ಭಾರತೀಯ ಮಾನಕ ಬ್ಯೂರೊ 1991ರಲ್ಲಿ 13194ನೆಯ ಕ್ರಮಾಂಕದ ಮಾನಕವಾಗಿ ಪ್ರಕಟಿಸಿತು. ಗಣಕದ ಸಂಗ್ರಹದ ಅಳತೆಯಾದ ಒಂದು ಬೈಟಿನ 256 ಸ್ಥಾನಗಳಲ್ಲಿ ಕೆಳಗಿನ 128 ಆಸ್ಕಿಗೆ ಮೀಸಲು, ಮೇಲಿನ 128ರಲ್ಲಿ ಭಾರತೀಯ ಅಕ್ಷರಗಳು. ಬ್ರಾಹ್ಮಿಯಿಂದ ಹುಟ್ಟಿದ ನಮ್ಮ ಲಿಪಿಗಳೆಲ್ಲಕ್ಕೂ ವರ್ಣಮಾಲೆಯ ಚೌಕಟ್ಟು ಒಂದೇ ಎಂಬ ಅರಿವಿನಿಂದ ಅವರು ಒಂದು ದಿಟ್ಟ ನಿರ್ಧಾರ ಮಾಡಿದರು: ಕನ್ನಡದ ‘ಕ’, ತೆಲುಗಿನ ‘ಕ’, ದೇವನಾಗರಿಯ ‘ಕ’, ಬಂಗಾಳಿಯ ‘ಕ’, ಇವೆಲ್ಲಕ್ಕೂ ಒಂದೇ ಸಂಖ್ಯೆ. ಯಾವ ಲಿಪಿಯಲ್ಲಿ ತೋರಿಸಬೇಕೆಂಬುದನ್ನು ಬೇರೊಂದು ಸಂಕೇತ ಹೇಳುತ್ತಿತ್ತು. ಒಂದು ಲಿಪಿಯ ಹೆಸರುಗಳ ಪಟ್ಟಿಯನ್ನು ಇನ್ನೊಂದು ಲಿಪಿಯಲ್ಲಿ ತೋರಿಸುವುದು ಇದರಿಂದ ಬಹಳ ಸುಲಭವಾಯಿತು. ಆದರೆ ಒಂದೇ ಬರಹದಲ್ಲಿ ಎರಡು ಮೂರು ಲಿಪಿಗಳು ಬೆರೆತರೆ ಆ ಲಿಪಿಸೂಚಕ ಸಂಕೇತವನ್ನು ಎಚ್ಚರದಿಂದ ಕಾಪಾಡಿಕೊಳ್ಳಬೇಕಾಗಿತ್ತು. ಅದು ಕಳೆದುಹೋದರೆ ಕನ್ನಡದ ಸಾಲು ಬೇರೊಂದು ಲಿಪಿಯಲ್ಲಿ ಮೂಡುತ್ತಿತ್ತು.

ಇಸ್ಕಿಯ ಜೊತೆಗೇ ಬೆಳೆದ ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ ಇದೇ ತತ್ತ್ವದ್ದು. ಒಂದು ಲಿಪಿಯಲ್ಲಿ ಕಲಿತವರು ಉಳಿದ ಲಿಪಿಗಳಲ್ಲಿಯೂ ಬೆರಳಚ್ಚು ಮಾಡಬಲ್ಲರು. ಕೀಲಿಮಣೆಯ ಮಾತು ಬಂದದ್ದರಿಂದ ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ, ‘ನುಡಿ’ ತಂತ್ರಾಂಶದ ಮೂಲಕ ನಿಮ್ಮಲ್ಲಿ ಅನೇಕರಿಗೆ ಪರಿಚಿತವಾದದ್ದು. ಅದರಲ್ಲಿ ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಕೀಲಿಗಳನ್ನು ಒತ್ತುತ್ತೇವೆ. ಎಫ್ ಕೀಲಿ ನಕಾರದ ಅಕಾರವನ್ನು ತೆಗೆದು ಮುಂದಿನ ನಕಾರವನ್ನು ಒತ್ತಾಗಿ ಸೇರಿಸುತ್ತದೆ. ಇದನ್ನು ನೆನಪಿನಲ್ಲಿಡಿ, ಈ ಐದು ಕೀಲಿಗಳ ಕ್ರಮ ಮತ್ತು ಪಠ್ಯದ ಆಂತರಿಕ ಕ್ರಮ ಎರಡೂ ಒಂದೇ ಎಂಬುದನ್ನು ಈಗ ನೋಡಲಿದ್ದೇವೆ.

ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಗೊತ್ತುಮಾಡುವ ಯೂನಿಕೋಡ್ ಮಾನಕದ ಮೊದಲ ಆವೃತ್ತಿ ಬಂದದ್ದು 1991ರ ಅಕ್ಟೋಬರಿನಲ್ಲಿ. ಭಾರತೀಯ ಲಿಪಿಗಳ ಮಟ್ಟಿಗೆ ಅದು 1988ರ ಇಸ್ಕಿಯನ್ನು ಆಧಾರವಾಗಿ ಇಟ್ಟುಕೊಂಡಿತು, ಆದರೆ ಪ್ರತಿಯೊಂದು ಲಿಪಿಗೂ ಪ್ರತ್ಯೇಕ ವಿಭಾಗ ಕೊಟ್ಟಿತು. ಪ್ರತಿ ವಿಭಾಗಕ್ಕೂ 128 ಸ್ಥಾನಗಳು. ಸಾಮಾನ್ಯವಾಗಿ ಈ ಸ್ಥಾನಗಳನ್ನು ಹದಿನಾರರ ಮೂಲದ ಅಂಕಿಗಳಲ್ಲಿ ಬರೆಯುವುದು ವಾಡಿಕೆ. ಇಲ್ಲಿ ನಮ್ಮ ದಶಮಾನ ಪದ್ಧತಿಯಲ್ಲಿಯೇ ಹೇಳುತ್ತೇನೆ, ಏಕೆಂದರೆ ಕನ್ನಡದ ವಿಭಾಗ ಸರಿಯಾಗಿ 3200ರಿಂದ ಆರಂಭವಾಗಿ 3327ಕ್ಕೆ ಮುಗಿಯುತ್ತದೆ. ‘ಅ’ 3205, ‘ಕ’ 3221. ತೆಲುಗಿನ ‘ಕ’ 3093, ಅಂದರೆ ನಮ್ಮದಕ್ಕಿಂತ ಸರಿಯಾಗಿ 128 ಕಡಿಮೆ. ದೇವನಾಗರಿಯ ‘ಕ’ 2325. ವ್ಯತ್ಯಾಸ 128ರ ಏಳರಷ್ಟು. ಹೀಗೆ ಇಸ್ಕಿಯ ಸಮಾನ ಚೌಕಟ್ಟು ಯೂನಿಕೋಡಿನೊಳಗೂ ಉಳಿದುಕೊಂಡಿದೆ. ಯಾವ ಲಿಪಿಯಲ್ಲಿ ಯಾವ ಅಕ್ಷರ ಇಲ್ಲವೋ ಅಲ್ಲಿ ಆ ಸ್ಥಾನ ಖಾಲಿ: ತಮಿಳಿನ ವಿಭಾಗದಲ್ಲಿ ಖ, ಗ, ಘಗಳ ಸ್ಥಾನಗಳು ಖಾಲಿಯಾಗಿಯೇ ಇವೆ.

ಈ ಸಮಾನ ಚೌಕಟ್ಟಿನಿಂದ ಕನ್ನಡಕ್ಕೆ ಆದ ಒಂದು ಅನನುಕೂಲವನ್ನು ಹೇಳಬೇಕು. ನಮ್ಮ ವರ್ಣಮಾಲೆ ಯ, ರ, ಲ, ವ, ಶ, ಷ, ಸ, ಹ, ಳ ಎಂದು ಮುಗಿಯುತ್ತದೆ. ಸಂಕೇತಗಳ ಕ್ರಮದಲ್ಲಿ ಲಕಾರ 3250, ಅದರ ಬೆನ್ನಿಗೇ ಳಕಾರ 3251, ಆಮೇಲೆ ವಕಾರ 3253, ಹಕಾರ 3257. ಸಂಖ್ಯೆಗಳನ್ನು ಮಾತ್ರ ನೋಡಿ ವಿಂಗಡಿಸುವ ತಂತ್ರಾಂಶಕ್ಕೆ ‘ಬಳೆ’ ಮತ್ತು ‘ಬಸವ’ ಎಂಬ ಎರಡು ಪದಗಳನ್ನು ಕೊಟ್ಟರೆ ಅದು ‘ಬಳೆ’ಯನ್ನು ಮೊದಲು ಇಡುತ್ತದೆ, ಕನ್ನಡದ ಯಾವ ನಿಘಂಟಿನಲ್ಲಿಯೂ ಹಾಗಿರುವುದಿಲ್ಲ. ಉಳಿದ ವಿಷಯಗಳಲ್ಲಿ ಸಂಕೇತಗಳ ಕ್ರಮ ನಮ್ಮ ಅಕಾರಾದಿಗೆ ಹತ್ತಿರವೇ ಇದೆ: ‘ಕನಸು’, ‘ಕಾಡು’, ‘ಕಿವಿ’, ‘ಕೌದಿ’, ‘ಕ್ರಮ’ ಇವು ಸರಿಯಾದ ಕ್ರಮದಲ್ಲಿಯೇ ಬರುತ್ತವೆ, ಏಕೆಂದರೆ ವ್ಯಂಜನಗಳ ನಂತರ ಸ್ವರಚಿಹ್ನೆಗಳೂ, ಅವುಗಳ ನಂತರ ವ್ಯಂಜನದ ಅಕಾರವನ್ನು ತೆಗೆಯುವ ಹಲಂತ ಚಿಹ್ನೆಯೂ ಇವೆ. ಳಕಾರ ಮಾತ್ರ ತಪ್ಪಿದ ಸ್ಥಾನದಲ್ಲಿದೆ. ಇದಕ್ಕಾಗಿ ಸಂಕೇತವನ್ನೇ ಬದಲಿಸಬೇಕೆಂದು ಕೇಳುವುದು ಸರಿಯಲ್ಲ. ವಿಂಗಡಣೆಗೆಂದೇ ಈ ಮಾನಕವನ್ನು ನೋಡಿಕೊಳ್ಳುವ ಯೂನಿಕೋಡ್ ಒಕ್ಕೂಟ ಬೇರೆ ನಿಯಮಾವಳಿಯನ್ನು ಪ್ರಕಟಿಸಿದೆ. ಅದಕ್ಕೆ ಭಾಷೆವಾರು ಹೊಂದಾಣಿಕೆಗಳೂ ಇವೆ. ಗ್ರಂಥಾಲಯದ ಸೂಚಿಯನ್ನೋ ಮತದಾರರ ಪಟ್ಟಿಯನ್ನೋ ಸಿದ್ಧಪಡಿಸುವವರು ಆ ನಿಯಮಗಳನ್ನು ಬಳಸುವ ತಂತ್ರಾಂಶವನ್ನೇ ಆರಿಸಿಕೊಳ್ಳಬೇಕು. ಕನ್ನಡದ ಅಕಾರಾದಿಯನ್ನು ಯಂತ್ರದ ಅನುಕೂಲಕ್ಕಾಗಿ ಬಿಟ್ಟುಕೊಡುವ ಅಗತ್ಯ ಖಂಡಿತ ಇಲ್ಲ.

ಈಗ ‘ಕನ್ನಡ’ ಎಂಬ ಪದವನ್ನು ಬಿಡಿಸೋಣ. ಕಡತದಲ್ಲಿ ಅದು 3221, 3240, 3277, 3240, 3233 ಎಂಬ ಐದು ಸಂಖ್ಯೆಗಳಾಗಿ ಕುಳಿತಿರುತ್ತದೆ: ಕ, ನ, ಹಲಂತ, ನ, ಡ. ನಾವು ಓದುವುದು ಮೂರು ಅಕ್ಷರ, ಗಣಕ ಎಣಿಸುವುದು ಐದು. ನಕಾರದ ಒತ್ತಿಗೆ ಪ್ರತ್ಯೇಕ ಸಂಖ್ಯೆ ಇಲ್ಲ; ನಕಾರ, ಹಲಂತ, ನಕಾರ ಎಂಬ ಮೂರು ಒಟ್ಟಾಗಿ ಬಂದಾಗ ಎರಡನೆಯ ನಕಾರ ಒತ್ತಿನ ರೂಪ ತಾಳುತ್ತದೆ. ‘ಕ್ಷ’ವೂ ಹಾಗೆಯೇ ಕ, ಹಲಂತ, ಷ. ‘ಸ್ತ್ರೀ’ ಎಂಬ ಒಂದಕ್ಷರದಲ್ಲಿ ಸ, ಹಲಂತ, ತ, ಹಲಂತ, ರ, ದೀರ್ಘದ ಗುಡಿಸು ಎಂದು ಆರು ಸಂಖ್ಯೆಗಳಿವೆ. ಅರ್ಕಾವತ್ತಿನ ವಿಷಯ ಇನ್ನೂ ಸ್ವಾರಸ್ಯವಾದದ್ದು. ‘ಅರ್ಕ’ ಎಂದು ಬರೆಯುವಾಗ ಕೈಯಲ್ಲಿ ನಾವು ಮೊದಲು ಕಕಾರವನ್ನು ಬರೆದು ಆಮೇಲೆ ಬಲಕ್ಕೆ ಅರ್ಕಾವತ್ತನ್ನು ಎಳೆಯುತ್ತೇವೆ, ಆದರೆ ನಾಲಗೆಯಲ್ಲಿ ರಕಾರವೇ ಮೊದಲು. ಗಣಕದಲ್ಲಿ ಉಳಿಯುವುದು ನಾಲಗೆಯ ಕ್ರಮ: ಅ, ರ, ಹಲಂತ, ಕ. ಅದನ್ನು ಬಲಕ್ಕೆ ಸರಿಸಿ ತೋರಿಸುವುದು ರೂಪ ಕೊಡುವ ಹಂತದ ಹೊಣೆ.

ಇದೇ ಏಕೈಕ ಮಾರ್ಗವೇನೂ ಆಗಿರಲಿಲ್ಲ. ಬ್ರಾಹ್ಮಿಯ ವಂಶದ್ದೇ ಆದ ಥಾಯ್ ಲಿಪಿಯಲ್ಲಿ ವ್ಯಂಜನದ ಎಡಕ್ಕೆ ಬರೆಯುವ ಸ್ವರಚಿಹ್ನೆಗಳನ್ನು ಎಡದಲ್ಲಿಯೇ, ಅಂದರೆ ವ್ಯಂಜನಕ್ಕಿಂತ ಮೊದಲೇ ಸಂಗ್ರಹಿಸುತ್ತಾರೆ. ಅಲ್ಲಿ ಕಣ್ಣಿನ ಕ್ರಮಕ್ಕೆ ಪ್ರಾಶಸ್ತ್ಯ. ಟಿಬೆಟನ್ ಲಿಪಿಗೆ 1996ರ ಎರಡನೆಯ ಆವೃತ್ತಿಯಲ್ಲಿ ಕೆಳಗೆ ಬರೆಯುವ ವ್ಯಂಜನರೂಪಗಳಿಗೆ, ನಮ್ಮ ಒತ್ತುಗಳಂಥವಕ್ಕೆ, ಪ್ರತ್ಯೇಕ ಸಂಖ್ಯೆಗಳನ್ನೇ ಕೊಟ್ಟರು. ಕನ್ನಡದ ಒತ್ತಕ್ಷರಗಳಿಗೂ ಹಾಗೆ ಪ್ರತ್ಯೇಕ ಸ್ಥಾನ ಸಿಗಬೇಕಾಗಿತ್ತು ಎಂದು ವಾದಿಸುವವರಿದ್ದಾರೆ. ನನಗೆ ಹಲಂತದ ಮಾರ್ಗವೇ ಮೇಲೆನಿಸುತ್ತದೆ: ವ್ಯಾಕರಣದಲ್ಲಿ ಒತ್ತಿನ ನಕಾರವೂ ನಕಾರವೇ ಆಗಿರುವುದರಿಂದ, ಪದಗಳನ್ನು ಹುಡುಕುವಾಗ, ಸಂಧಿ ಬಿಡಿಸುವಾಗ, ಕಾಗುಣಿತವನ್ನು ಪರೀಕ್ಷಿಸುವಾಗ ಅದಕ್ಕೆ ಒಂದೇ ಗುರುತು ಇರುವುದು ಬಹಳ ಉಪಕಾರಿ.

ಆದರೆ ಈ ಮಾರ್ಗಕ್ಕೆ ಒಂದು ಬೆಲೆ ಇತ್ತು. ಐದು ಸಂಖ್ಯೆಗಳನ್ನು ಮೂರು ಅಕ್ಷರಗಳ ರೂಪಕ್ಕೆ ತರಬಲ್ಲ ತಂತ್ರಾಂಶ ಬೇಕು, ಒತ್ತುಗಳ ಮತ್ತು ಗುಣಿತರೂಪಗಳ ಚಿತ್ರಗಳೂ ಅವುಗಳನ್ನು ಜೋಡಿಸುವ ನಿಯಮಗಳೂ ಇರುವ ಫಾಂಟ್ ಬೇಕು. ಮೈಕ್ರೋಸಾಫ್ಟ್‌ನ ವಿಂಡೋಸ್‌ನಲ್ಲಿ ಕನ್ನಡಕ್ಕೆ ಈ ಬೆಂಬಲ ದೊರೆತದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ, ‘ತುಂಗಾ’ ಎಂಬ ಫಾಂಟಿನೊಡನೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿ ಅಷ್ಟರಲ್ಲಿ ಹತ್ತು ವರ್ಷ ಕಳೆದಿತ್ತು. ಆ ಹತ್ತು ವರ್ಷಗಳಲ್ಲಿ ಕನ್ನಡದ ಪತ್ರಿಕೆಗಳು, ಮುದ್ರಣಾಲಯಗಳು, ಕಚೇರಿಗಳು ಕಾಯುತ್ತ ಕುಳಿತಿರಲು ಸಾಧ್ಯವಿರಲಿಲ್ಲ.

ಆಗ ನೆರವಿಗೆ ಬಂದದ್ದು ಫಾಂಟ್‌ ಆಧಾರಿತ ಸಂಕೇತ. ಇಂಗ್ಲಿಷಿಗೆಂದು ಮತ್ತು ಯುರೋಪಿನ ಇತರ ಭಾಷೆಗಳಿಗೆಂದು ಇದ್ದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳ ಚಿತ್ರವನ್ನಿಟ್ಟರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮತ್ತು ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ‘ಕನ್ನಡ’ ಎಂಬ ಪದ ಏಳು ತುಣುಕುಗಳಿಂದ ಆಗುತ್ತಿತ್ತು. ರೋಮನ್ ಲಿಪಿಯ ದೊಡ್ಡ ‘ಪಿ’ಯ ಸ್ಥಾನದಲ್ಲಿ ತಲೆಕಟ್ಟಿಲ್ಲದ ಕಕಾರ, ನೆತ್ತಿಯ ಮೇಲೆ ಗೆರೆಯಿರುವ ‘ಎ’ಯ ಸ್ಥಾನದಲ್ಲಿ ತಲೆಕಟ್ಟು, ಬ್ರಿಟಿಷ್ ಪೌಂಡಿನ ಚಿಹ್ನೆಯ ಸ್ಥಾನದಲ್ಲಿ ನಕಾರದ ದೇಹ, ಮತ್ತೆ ತಲೆಕಟ್ಟು, ಜರ್ಮನ್ ಭಾಷೆಯ ಇಮ್ಮಡಿ ‘ಎಸ್’ ಸ್ಥಾನದಲ್ಲಿ ನಕಾರದ ಒತ್ತು, ಚಿಕ್ಕ ‘ಕ್ಯೂ’ ಸ್ಥಾನದಲ್ಲಿ ಡಕಾರದ ದೇಹ, ಕೊನೆಗೆ ಇನ್ನೊಮ್ಮೆ ತಲೆಕಟ್ಟು. ಆ ಫಾಂಟ್ ಇಲ್ಲದ ಗಣಕದಲ್ಲಿ ಕಡತವನ್ನು ತೆರೆದಾಗ ಕಾಣುತ್ತಿದ್ದ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಈ ತಂತ್ರಾಂಶಗಳನ್ನು ಕಟ್ಟಿದವರ ಬಗ್ಗೆ ನನಗೆ ಆಳವಾದ ಗೌರವವಿದೆ. ಕಾರ್ಯಾಚರಣಾ ವ್ಯವಸ್ಥೆಗಳು ಕನ್ನಡವನ್ನು ತೋರಿಸಲಾರದ ಕಾಲದಲ್ಲಿ ಅವರು ಕನ್ನಡದ ಪುಸ್ತಕೋದ್ಯಮವನ್ನೂ ಆಡಳಿತವನ್ನೂ ಗಣಕಕ್ಕೆ ತಂದರು, ಮುಂದೆ ಯೂನಿಕೋಡಿಗೂ ದಾರಿ ಮಾಡಿಕೊಟ್ಟರು.

ತೊಂದರೆ ಇರುವುದು ಅಂದು ಸಿದ್ಧವಾದ ಕಡತಗಳನ್ನು ಇಂದು ಪರಿವರ್ತಿಸುವಲ್ಲಿ. ಅವುಗಳಲ್ಲಿ ಆಕಾರವಿದೆ, ಅಕ್ಷರವಿಲ್ಲ. ತುಣುಕುಗಳನ್ನು ಕೂಡಿಸಿ ಅಕ್ಷರವನ್ನು ಊಹಿಸಬೇಕು, ಬಲಕ್ಕಿರುವ ಅರ್ಕಾವತ್ತನ್ನು ಹಿಂದಕ್ಕೆ ಒಯ್ದು ರಕಾರ ಮತ್ತು ಹಲಂತಗಳನ್ನಾಗಿ ಮಾಡಬೇಕು. ಅರ್ಕಾವತ್ತಿನ ಬದಲು ಒಂಬತ್ತನ್ನೂ, ಅನುಸ್ವಾರದ ಬದಲು ಸೊನ್ನೆಯ ಅಂಕಿಯನ್ನೂ ಬಳಸಿದ ಕಡೆಗಳಲ್ಲಿ ಪರಿವರ್ತಕಕ್ಕೆ ಅದು ಅಂಕಿಯಾಗಿಯೇ ಕಾಣುತ್ತದೆ. ಯೂನಿಕೋಡಿನಲ್ಲಿ ಅನುಸ್ವಾರ 3202, ಸೊನ್ನೆ 3302. ಕಣ್ಣಿಗೆ ಎರಡೂ ಒಂದೇ ವೃತ್ತ. ಕನ್ನಡದ ನಡುವೆ ಇಂಗ್ಲಿಷ್ ಪದಗಳು ಬೆರೆತ ಕಡತವಾದರೆ, ಯಾವ ‘ಪಿ’ ನಿಜವಾದ ‘ಪಿ’, ಯಾವುದು ಕಕಾರ ಎಂಬುದು ಫಾಂಟಿನ ಹೆಸರನ್ನು ನೋಡದೆ ತಿಳಿಯುವುದಿಲ್ಲ. ಬರಿಯ ಪಠ್ಯವನ್ನು ಮಾತ್ರ ಉಳಿಸಿಕೊಂಡವರಿಗೆ ಆ ಸುಳಿವೂ ಇರುವುದಿಲ್ಲ. ಪ್ರಕಾಶಕರಿಗೆ ನನ್ನ ವಿನಂತಿ ಇಷ್ಟೇ: ಹಳೆಯ ಪುಟವಿನ್ಯಾಸದ ಮೂಲ ಕಡತಗಳನ್ನು ಫಾಂಟುಗಳ ಸಮೇತ ಕಾಪಾಡಿಕೊಳ್ಳಿ, ಪರಿವರ್ತನೆಯಾದ ಪಠ್ಯವನ್ನು ಓದಬಲ್ಲ ಮನುಷ್ಯರಿಂದಲೇ ಒಮ್ಮೆ ಓದಿಸಿ.

ಇನ್ನು, ಕಣ್ಣಿಗೆ ಕಾಣದ ಎರಡು ಸಂಕೇತಗಳಿವೆ. ಇವುಗಳನ್ನು ತಿಳಿಯದೆ ಶುದ್ಧವಾದ ಕನ್ನಡ ಪಠ್ಯವನ್ನು ಸಿದ್ಧಪಡಿಸಲಾಗದು. ಹಲಂತದ ಮುಂದೆ ವ್ಯಂಜನ ಬಂದರೆ ಅದು ಒತ್ತಾಗುತ್ತದೆ ಎಂದೆವು. ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ವಕಾರ ಟಕಾರದ ಕೆಳಗೆ ಹೋಗಬಾರದು. ಅದನ್ನು ತಡೆಯಲು ಹಲಂತದ ನಂತರ 8204ನೆಯ ಸಂಕೇತವನ್ನು, ಅಗಲವಿಲ್ಲದ ಅಜೋಡಕವನ್ನು ಇಡಬೇಕು. ಅದು ಇಲ್ಲದಿದ್ದರೆ ‘ಸಾಫ್ಟ್ವೇರ್’ ಎಂದು ಮೂರು ವ್ಯಂಜನಗಳ ಕಗ್ಗಂಟಾಗುತ್ತದೆ. ಇದರ ಜೊತೆಗಾರ 8205ನೆಯ ಸಂಕೇತ, ಅಗಲವಿಲ್ಲದ ಜೋಡಕ. ‘ಆರ್ಯ’ ಎಂಬ ಪದದಲ್ಲಿ ರ, ಹಲಂತ, ಯ ಬಂದಾಗ ಅರ್ಕಾವತ್ತು ಮೂಡುವುದು ಸರಿ. ಪರೀಕ್ಷೆಯಲ್ಲಿ ಪಡೆಯುವ ‘ರ‍್ಯಾಂಕ್’ನಲ್ಲಿ ರಕಾರ ಪೂರ್ಣವಾಗಿ ನಿಂತು ಯಕಾರ ಒತ್ತಾಗಬೇಕು, ಇಲ್ಲಿ ರಕಾರದ ನಂತರ, ಹಲಂತಕ್ಕಿಂತ ಮೊದಲು ಜೋಡಕವನ್ನು ಇಡಬೇಕೆಂದು ಮಾನಕ ಹೇಳುತ್ತದೆ. ‘ರ‍್ಯಾಲಿ’ ಎಂಬ ಪದಕ್ಕೂ ಇದೇ ಕ್ರಮ. ಅನೇಕ ಪತ್ರಿಕೆಗಳಲ್ಲಿ ‘ರ್ಯಾಲಿ’ ಎಂದು ಅರ್ಕಾವತ್ತಿನೊಡನೆ ಅಚ್ಚಾಗುವುದಕ್ಕೆ ಈ ಸಂಕೇತ ಕೀಲಿಮಣೆಯಲ್ಲಿ ಎಲ್ಲಿದೆಯೆಂದು ಗೊತ್ತಿಲ್ಲದಿರುವುದೇ ಬಹುಮಟ್ಟಿಗೆ ಕಾರಣ. ಇವೆರಡೂ ಅದೃಶ್ಯವಾಗಿರುವುದರಿಂದ ಪಠ್ಯವನ್ನು ಶುಚಿಗೊಳಿಸುವ ಹೆಸರಿನಲ್ಲಿ ಕೆಲವು ತಂತ್ರಾಂಶಗಳು ಇವನ್ನು ಅಳಿಸಿಬಿಡುತ್ತವೆ. ಹಾಗೆ ಅಳಿಸುವುದೆಂದರೆ ಕಾಗುಣಿತವನ್ನೇ ತಿದ್ದಿದಂತೆ.

ಒಂದೇ ಅಕ್ಷರಕ್ಕೆ ಎರಡು ಬರವಣಿಗೆಗಳಿರುವ ಸಂದರ್ಭವೂ ಇದೆ. ‘ಕೋ’ ಎಂಬುದರ ಓತ್ವಕ್ಕೆ ಒಂದೇ ಸಂಖ್ಯೆ ಇದೆ. ಎತ್ವ, ದೀರ್ಘದ ಕೊಂಬು, ದೀರ್ಘದ ಚಿಹ್ನೆ ಎಂದು ಮೂರನ್ನು ಸಾಲಾಗಿ ಇಟ್ಟರೂ ಅದೇ ರೂಪ ಮೂಡುತ್ತದೆ; ಎರಡೂ ಸಮಾನವೆಂದು ಮಾನಕವೇ ಘೋಷಿಸಿದೆ. ಹುಡುಕುವ ತಂತ್ರಾಂಶವು ಎರಡನ್ನೂ ಮೊದಲು ಒಂದೇ ರೂಪಕ್ಕೆ ತಂದುಕೊಂಡರೆ ತೊಂದರೆಯಿಲ್ಲ. ತಂತ್ರಾಂಶ ಬರೆಯುವ ತರುಣರು ಇಲ್ಲಿದ್ದರೆ ಈ ಏಕರೂಪಗೊಳಿಸುವ ಹಂತವನ್ನು ದಯವಿಟ್ಟು ಬಿಡಬೇಡಿ.

ಎಣಿಕೆಯ ಪ್ರಶ್ನೆಗೆ ಬರುತ್ತೇನೆ. ಇಂದು ಅಂತರಜಾಲದಲ್ಲಿ ಪಠ್ಯ ಸಾಗುವುದು ಯುಟಿಎಫ್-8 ಎಂಬ ವಿಧಾನದಲ್ಲಿ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ಇದನ್ನು ರೂಪಿಸಿದರು. ಇಂಗ್ಲಿಷಿನ ಅಕ್ಷರಕ್ಕೆ ಇದರಲ್ಲಿ ಒಂದು ಬೈಟು ಸಾಕು, ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು ಬೇಕು. ‘ಕನ್ನಡ’ಕ್ಕೆ 15 ಬೈಟು, ‘ಸ್ತ್ರೀ’ ಎಂಬ ಒಂದಕ್ಷರಕ್ಕೆ 18. ಸಂಗ್ರಹಕ್ಕೆ ಈ ಕಾಲದಲ್ಲಿ ಇದೊಂದು ಭಾರವಲ್ಲ. ಆದರೆ ಅರ್ಜಿಗಳಲ್ಲಿ ಹೆಸರಿಗೆ ಇಂತಿಷ್ಟೇ ಬೈಟು ಎಂದು ಮಿತಿ ಹಾಕಿದರೆ ಉದ್ದವಾದ ಕನ್ನಡ ಹೆಸರು ಅರ್ಧಕ್ಕೇ ತುಂಡಾಗುತ್ತದೆ. ಮೊಬೈಲಿನ ಕಿರುಸಂದೇಶದಲ್ಲಿ ಇಂಗ್ಲಿಷಿಗೆ 160 ಅಕ್ಷರಗಳ ಅವಕಾಶವಿದ್ದರೆ ಕನ್ನಡಕ್ಕೆ 70 ಸಂಕೇತಗಳು ಮಾತ್ರ, ಅಕ್ಷರಗಳ ಲೆಕ್ಕದಲ್ಲಿ ಅದಕ್ಕಿಂತಲೂ ಕಡಿಮೆ.

ತುಂಡರಿಸುವುದು ಎಲ್ಲಿ ಎಂಬುದೂ ಮುಖ್ಯವೇ. ಓದುಗರು ಒಂದಕ್ಷರವೆಂದು ತಿಳಿಯುವ ಗುಂಪನ್ನು ಗುರುತಿಸಲು ಯೂನಿಕೋಡಿನಲ್ಲಿ ನಿಯಮಗಳಿವೆ. ಅವು ಬಹುಕಾಲ ಸ್ವರಚಿಹ್ನೆಯನ್ನೂ ಹಲಂತವನ್ನೂ ವ್ಯಂಜನಕ್ಕೆ ಅಂಟಿಸುತ್ತಿದ್ದವು, ಆದರೆ ಹಲಂತದ ಮುಂದಿನ ವ್ಯಂಜನವನ್ನು ಹೊಸ ಗುಂಪೆಂದು ಎಣಿಸುತ್ತಿದ್ದವು. ಆ ಲೆಕ್ಕದಲ್ಲಿ ‘ಸ್ತ್ರೀ’ ಮೂರು ಗುಂಪುಗಳಾಗಿ ಒಡೆಯುತ್ತದೆ. 2023ರ 15.1ನೆಯ ಆವೃತ್ತಿಯಲ್ಲಿ ಸಂಯುಕ್ತಾಕ್ಷರವನ್ನು ಒಡೆಯದೆ ಉಳಿಸುವ ನಿಯಮ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅದು ಅನ್ವಯವಾಯಿತು. ಆಗಿನ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ರಚನೆಯಲ್ಲಿ ಕನ್ನಡಕ್ಕೆ ಅತ್ಯಂತ ಸಮೀಪದ ತೆಲುಗು ಇದ್ದು ಕನ್ನಡ ಇಲ್ಲದಿರುವುದನ್ನು ನಮ್ಮ ಭಾಷಾತಜ್ಞರು ಮತ್ತು ತಂತ್ರಜ್ಞರು ಒಟ್ಟಿಗೆ ಕುಳಿತು ಪರಿಶೀಲಿಸಬೇಕು, ಬೇಡಿಕೆಯಿದ್ದರೆ ಪುರಾವೆಗಳೊಡನೆ ಒಕ್ಕೂಟದ ಮುಂದಿಡಬೇಕು. ಇಂಥ ಕೆಲಸವನ್ನು ನಮ್ಮ ಪರವಾಗಿ ಬೇರೆಯವರು ಮಾಡಲಿ ಎಂದು ಕಾಯುವುದು ತರವಲ್ಲ.

ಹೀಗೆ ಹೇಳುವುದಕ್ಕೆ ಕಾರಣವಿದೆ. ಯೂನಿಕೋಡಿನಲ್ಲಿ ಒಮ್ಮೆ ಸೇರಿದ್ದನ್ನು ತೆಗೆಯುವುದಿಲ್ಲ, ಸ್ಥಾನ ಬದಲಿಸುವುದಿಲ್ಲ, ಒಮ್ಮೆ ಇಟ್ಟ ಹೆಸರನ್ನೂ ತಿದ್ದುವುದಿಲ್ಲ. ಹಳಗನ್ನಡದ ೞಕಾರವನ್ನು ನೋಡಿ, ‘ಏೞು’, ‘ಬಾೞ್’ ಮುಂತಾದ ಪದಗಳಲ್ಲಿರುವುದು. ಸಮಾನ ಚೌಕಟ್ಟಿನ ಪ್ರಕಾರ ಈ ಅಕ್ಷರಕ್ಕೆ ಸಲ್ಲಬೇಕಾದ ಸ್ಥಾನ 3252; ತಮಿಳು ಮತ್ತು ಮಲಯಾಳಂ ವಿಭಾಗಗಳಲ್ಲಿ ಆ ಸ್ಥಾನದಲ್ಲಿ ಅವರ ೞಕಾರವೇ ಇದೆ. ಕನ್ನಡದಲ್ಲಿ ಅದು ಖಾಲಿ. ನಮ್ಮ ೞಕಾರ 3294ರಲ್ಲಿದೆ, ಮಾನಕದಲ್ಲಿ ಅದರ ಅಧಿಕೃತ ಹೆಸರು ‘ಫ’ ಎಂದು! ದೇವನಾಗರಿ ವಿಭಾಗದ ಅದೇ ಸ್ಥಾನದಲ್ಲಿ ಚುಕ್ಕೆಯಿರುವ ‘ಫ಼’ ಇದೆ. ಆ ಹೆಸರೇ ಇಲ್ಲಿಗೂ ಬಂದಂತೆ ತೋರುತ್ತದೆ. ಹೆಸರು ತಪ್ಪೆಂದು ಒಪ್ಪಿಕೊಂಡ ಮೇಲೂ ಅದನ್ನು ಬದಲಿಸಲಾಗಲಿಲ್ಲ, ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಲಾಯಿತು. ಈ ಬಿಗಿ ನಿಯಮವನ್ನು ನಾನು ಸಮರ್ಥಿಸುತ್ತೇನೆ. ಸ್ಥಾನಗಳು ಬದಲಾಗುವುದಿಲ್ಲವೆಂಬ ಭರವಸೆ ಇರುವುದರಿಂದಲೇ ಇಂದು ಸಂಪಾದಿಸಿದ ಶಾಸನಪಾಠ ಐವತ್ತು ವರ್ಷಗಳ ನಂತರವೂ ಅದೇ ಪಾಠವಾಗಿ ಉಳಿಯುತ್ತದೆ. ಆದರೆ ಪ್ರಸ್ತಾವದ ಹಂತದಲ್ಲಿಯೇ ಭಾಷೆ ಬಲ್ಲವರ ಕಣ್ಣು ಅದರ ಮೇಲಿರಬೇಕೆಂಬುದೂ ಇದರಿಂದ ಸ್ಪಷ್ಟವಾಗುತ್ತದೆ.

ನೆರೆಯ ಮಲಯಾಳಂನ ಅನುಭವವೂ ಇದನ್ನೇ ತೋರಿಸುತ್ತದೆ. ಅಲ್ಲಿನ ಚಿಲ್ಲಕ್ಷರಗಳನ್ನು, ಅಂದರೆ ಸ್ವರವಿಲ್ಲದ ವ್ಯಂಜನಗಳ ವಿಶೇಷ ರೂಪಗಳನ್ನು, ಮೊದಲು ವ್ಯಂಜನ, ಹಲಂತ, ಜೋಡಕ ಎಂದು ಬರೆಯುತ್ತಿದ್ದರು. 2008ರ 5.1ನೆಯ ಆವೃತ್ತಿಯಲ್ಲಿ ಅವುಗಳಿಗೆ ಪ್ರತ್ಯೇಕ ಸಂಖ್ಯೆಗಳು ಬಂದವು. ಅದರಿಂದ ಒಂದೇ ಪದ ಹಳೆಯ ಬರಹಗಳಲ್ಲಿ ಒಂದು ಬಗೆ, ಹೊಸ ಬರಹಗಳಲ್ಲಿ ಇನ್ನೊಂದು ಬಗೆ ಆಯಿತು. ಕನ್ನಡದ ಒತ್ತುಗಳಿಗೆ ಈಗ ಪ್ರತ್ಯೇಕ ಸ್ಥಾನ ಕೇಳಿದರೆ ಆಗುವುದೂ ಇದೇ, ಇದಕ್ಕಿಂತ ಎಷ್ಟೋ ಪಾಲು ದೊಡ್ಡ ಪ್ರಮಾಣದಲ್ಲಿ.

ಕನ್ನಡ ವಿಭಾಗ 1991ರ ಮೊದಲ ಆವೃತ್ತಿಯ ನಂತರ ನಿಧಾನವಾಗಿ ತುಂಬುತ್ತಿದೆ. ಅವಗ್ರಹ ಸೇರಿದ್ದು 2003ರಲ್ಲಿ, ಜಿಹ್ವಾಮೂಲೀಯ ಮತ್ತು ಉಪಧ್ಮಾನೀಯಗಳು 2006ರಲ್ಲಿ, ಶಾಸನಗಳ ಆರಂಭದಲ್ಲಿ ಕಾಣುವ ಸಿದ್ಧಂ ಚಿಹ್ನೆ 2018ರಲ್ಲಿ, ಹಳೆಯ ಬರಹಗಳ ನಕಾರಪೊಲ್ಲು ಎಂಬ ಸ್ವರವಿಲ್ಲದ ನಕಾರ 2021ರಲ್ಲಿ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವವರಿಗೆ ಬೇಕಾದ, ಅಕ್ಷರದ ಬಲ ಮೇಲ್ತುದಿಯಲ್ಲಿ ಬರುವ ಅನುಸ್ವಾರ 2022ರಲ್ಲಿ ಸೇರಿತು.

2024ರ ಸೆಪ್ಟೆಂಬರಿನಲ್ಲಿ ಬಂದ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೂ ಸ್ಥಾನ ದೊರೆಯಿತು. ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ, ಮಠಗಳಲ್ಲಿ ಈ ಲಿಪಿಯ ತಾಳೆಗರಿಗಳಿವೆ. ಅವುಗಳಲ್ಲಿ ಸಂಸ್ಕೃತ, ತುಳು, ಕನ್ನಡ ಮೂರೂ ಭಾಷೆಗಳ ಬರಹಗಳು ಸಿಗುತ್ತವೆ. ಈ ವಿಭಾಗ 70528ರಿಂದ ಆರಂಭವಾಗುವುದರಿಂದ ಇದರ ಪ್ರತಿಯೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ ನಾಲ್ಕು ಬೈಟು ಬೇಕು, ಹಾಗೂ ಹದಿನಾರು ಬಿಟ್‌ಗಳಿಗೆ, ಅಂದರೆ 65,535ರವರೆಗಿನ ಸಂಖ್ಯೆಗಳಿಗೆ ಮಾತ್ರ ಸಿದ್ಧವಾದ ಹಳೆಯ ತಂತ್ರಾಂಶಗಳು ಇದನ್ನು ನಿಭಾಯಿಸಲಾರವು. ಕನ್ನಡದಲ್ಲಿ ಹಲಂತ ಎಂಬ ಒಂದೇ ಚಿಹ್ನೆ ಅಕಾರವನ್ನು ತೆಗೆಯುವುದು ಮತ್ತು ಒತ್ತನ್ನು ಕೂಡಿಸುವುದು ಎಂಬ ಎರಡು ಕೆಲಸಗಳನ್ನು ಮಾಡುತ್ತದೆ, ಅದಕ್ಕಾಗಿಯೇ ಅಜೋಡಕದ ನೆರವು ಬೇಕಾಗುತ್ತದೆ. ತುಳು-ತಿಗಳಾರಿಯಲ್ಲಿ ಕಾಣುವ ವಿರಾಮ ಚಿಹ್ನೆಗೆ ಒಂದು ಸಂಕೇತ, ಸಂಯುಕ್ತಾಕ್ಷರವನ್ನು ಕೂಡಿಸುವುದಕ್ಕೆ ಬೇರೆಯೇ ಒಂದು ಸಂಕೇತ. ತಾಳೆಗರಿಗಳನ್ನು ಅಕ್ಷರೀಕರಿಸಲು ಹೊರಟಿರುವ ಸಂಸ್ಥೆಗಳು ತಮ್ಮ ಕೆಲಸಗಾರರಿಗೆ ಈ ಎರಡರ ವ್ಯತ್ಯಾಸವನ್ನು ಮೊದಲ ದಿನವೇ ಕಲಿಸಬೇಕು, ಏಕೆಂದರೆ ಸರಿಯಾದ ಫಾಂಟುಗಳು ಎಲ್ಲ ಗಣಕಗಳಿಗೂ ತಲುಪುವ ಮೊದಲೇ ಬೆರಳಚ್ಚಾದ ಪುಟಗಳಲ್ಲಿ ಯಾವ ಸಂಕೇತ ಬಿದ್ದಿದೆ ಎಂಬುದನ್ನು ಕಣ್ಣಿನಿಂದ ನೋಡಿ ಹೇಳಲು ಸಾಧ್ಯವಾಗುವುದಿಲ್ಲ.